ಮಳೆಗೆ ಮರೆ

ಆಳಂದದ ದಾರಿಯಲ್ಲಿ, ಕಲ್ಲುಗಣಿ ದಾಟಿದ ಮೇಲೆ
ಎಡಕ್ಕೆ ತಂತಿಬೇಲಿ. ಒಳಗೆ ನಾಲ್ಕೆಕರೆ ಎರೆ.
ಹದಿಮೂರು ಹಿಂಗಾರಿ ಅಲ್ಲೇ ಕಳೆದಿದ್ದೇನೆ
ಕುಸುಬಿಗೆ ಲಗ್ನ ಮಾಡುತ್ತ.

ಲಗ್ನ ಎಂದದ್ದು ನಾನಲ್ಲ, ಲಾಲಬೀ.
ಜರಿ ಹೊಲಿಯುತ್ತಿದ್ದ ಬೆರಳು ಅವಳವು.
ಸಂಜೆ ಬಿಸಿಲು ಮೆತ್ತಗಾದ ಮೇಲೆ
ಮುಳ್ಳೆಲೆಗಳ ನಡುವೆ ಚಿಮುಟ ಇಳಿಸುತ್ತಾಳೆ.
ಗಂಡಿನ ಭಾಗವಷ್ಟೇ ಈಚೆ ಬರಬೇಕು,
ಹೆಣ್ಣಿನ ದಾರ ಹರಿಯಬಾರದು.
ಹರಿದರೆ "ಥೋ" ಎಂದು ತನ್ನನ್ನೇ ಬೈದುಕೊಂಡು
ಮುಂದಿನ ಹೂವಿಗೆ.
ಬಟರ್ ಪೇಪರಿನ ಚೀಲ ಮುಸುಕು ಹಾಕಿ
ಚೀಟಿ ಕಟ್ಟುತ್ತಾಳೆ:
ತಾಯಿ ಇಂಥದು. ತಂದೆ, ನಾಳೆ ಬೆಳಿಗ್ಗೆ.

ತಾಯಿ, ಜೋಳದ ಅಂಚಿಗೆ
ದನ ನುಗ್ಗದಂತೆ ಬಿತ್ತುತ್ತಿದ್ದ ಮುಳ್ಳುಕುಸುಬಿ.
ಅಫಜಲಪುರದ ಕಡೆಯ ಮುದುಕಿ
ಸೆರಗಿನ ಗಂಟು ಬಿಚ್ಚಿ ಬೊಗಸೆಗೆ ಸುರಿದಿದ್ದಳು:
"ಇದು ಸಾಯೋದಿಲ್ಲವ್ವ, ಎಣ್ಣಿನೂ ಬಿಡೋದಿಲ್ಲ.
ನಮ್ಮ ಮಾವನಂಗ."
ತಂದೆ ಎಣ್ಣೆಯ ಸಾಹುಕಾರ,
ನೀರು ನಾಲ್ಕು ದಿನ ತಡವಾದರೆ
ತಲೆ ಕೆಳಗೆ ಹಾಕುವ ಪೈಕಿ.

ಆರು ತಲೆಮಾರು ಆರಿಸಿ, ಬಿತ್ತಿ, ಮತ್ತೆ ಆರಿಸಿ
ಇನ್ನೂರಾ ಹನ್ನೆರಡು ಸಾಲು ಉಳಿದವು.
ಈಗ ಬೇಕಾಗಿದ್ದದ್ದು ಒಂದು ಬರ.

ಇದು ಬಾಯಿಬಿಟ್ಟು ಬೇಡುವ ಮಾತಲ್ಲ.
ಬಸ್ಸಿನಲ್ಲಿ ಪಕ್ಕದವಳು
"ಈ ಸಲ ಮಳಿ ಹ್ಯಾಂಗ್ರಿ ಮೇಡಂ?" ಅಂದರೆ
ಕಿಟಕಿಯಾಚೆ ನೋಡುತ್ತಿದ್ದೆ.

ಹಸ್ತ ಸುರಿಯಿತು. ಚಿತ್ತಿ ಬಿಡಲಿಲ್ಲ.
ಸ್ವಾತಿಗೆ ಹಳ್ಳ ತುಂಬಿ ಡಾಂಬರಿನ ಮೇಲೆ ಹರಿಯಿತು.
ಊರು ಕಡಬು ಮಾಡಿತು, ನನಗೂ ಒಂದು ಡಬ್ಬಿ ಬಂತು.
ತಿಂದೆ. ರುಚಿಯಾಗಿತ್ತು.
ಇನ್ನೂರಾ ಹನ್ನೆರಡೂ ಸಾಲು
ಒಂದೇ ಎತ್ತರ, ಒಂದೇ ಹಸಿರು,
ಪರೀಕ್ಷೆಯೇ ಇಲ್ಲದೆ ಪಾಸಾದ ಮಕ್ಕಳ ಹಾಗೆ.
ಪುಸ್ತಕದಲ್ಲಿ ಬರೆದೆ: ವ್ಯತ್ಯಾಸ ಕಾಣಲಿಲ್ಲ.

ಮರುವರ್ಷ ಕಬ್ಬಿಣದ ಹಳಿ ಹಾಕಿಸಿದೆವು, ಗಾಲಿ,
ಎಳೆದರೆ ಬರುವ ಪ್ಲಾಸ್ಟಿಕ್ ಚಾವಣಿ.
ಬೇಲಿ ಹಿಡಿದು ಹುಡುಗರು ನಕ್ಕರು:
"ಮಳಿ ಬಂದ್ರ ಬಾಗಲಾ ಹಾಕ್ಕೊಳ್ಳೋ ಹೊಲ ನೋಡ್ರಲೇ!"
ಕಾವಲಿನ ಭೀಮಶ್ಯಾ ನಗಲಿಲ್ಲ.
"ನಲವತ್ತು ವರ್ಷ ಮಳಿಗಿ ಕೈ ಮುಗದೀನ್ರಿ.
ಈಗ ಅದರ ಮಾರಿಗಿ ಪರದೆ ಎಳೀ ಅಂತೀರಿ."
ಎಳೆದ.
ಮೊದಲ ಹನಿ ಹಾಳೆಗೆ ಬಡಿದಾಗ
ಚಪ್ಪಲಿ ಬಿಟ್ಟು ನಿಂತಿದ್ದ.

ಪುಷ್ಯಕ್ಕೆ ಚಾವಣಿಯ ಕೆಳಗಷ್ಟೇ ಎರೆ ಬಾಯಿಬಿಟ್ಟಿತು.
ಒಂದೊಂದೇ ಸಾಲು ಬೂದಿಬಣ್ಣಕ್ಕೆ ತಿರುಗಿ
ಮೊಗ್ಗಿನಲ್ಲೇ ಮುದುಡಿತು.
ಲಾಲಬೀಯ ಚಿಮುಟ ಕೈಜಾರಿ ಬಿರುಕಿಗೆ ಬಿತ್ತು.
ಕಡ್ಡಿ ಇಳಿಬಿಟ್ಟೆವು, ತಳ ಸಿಗಲಿಲ್ಲ.
ಆ ಬಿರುಕಿನ ದಂಡೆಯಲ್ಲೇ ನಲವತ್ತೇಳನೆಯ ಸಾಲು
ಹಳದಿಯಾಗಿ ಅರಳಿ, ಕೆಂಪಾಗಿ ಬಾಡಿ,
ಹೇಳದೆ ಕೇಳದೆ ಕಾಳು ಕಟ್ಟಿತು.

ಕೊಯ್ಲು ಮುಗಿದ ಮೇಲೆ ಬೇರು ಅಳೆಯಲು ಗುಂಡಿ ತೋಡಿಸಿದೆ.
ಸೊಂಟದಾಳಕ್ಕೆ ಚಿಮುಟ ಸಿಕ್ಕಿತು, ತುಕ್ಕು ಹಿಡಿದು.
ಬೇರು ಅದನ್ನು ಹಾದು
ಇನ್ನೂ ಕೆಳಗಿಳಿದಿತ್ತು.
ಭೀಮಶ್ಯಾ ಗುದ್ದಲಿಗೆ ಗದ್ದ ಊರಿ
ಬಹಳ ಹೊತ್ತು ಅದನ್ನೇ ನೋಡಿದ.

ಲಾಲಬೀ ಕಾಳೊಂದನ್ನು ಚೀಟಿಯ ಮೇಲಿಟ್ಟು
ಬಳೆ ಮೇಲಕ್ಕೇರಿಸಿ ಕಲ್ಲಿನಿಂದ ಒತ್ತಿದಳು.
ಎಣ್ಣೆ ಹರಡಿ, ಕಾಗದ ತೆಳುವಾಗಿ,
ಹಿಂಬದಿಯ ಅಕ್ಷರ ಕಂಡಿತು, ಅವಳದೇ ಬರಹ.
ಸಾಕೇ ಇಷ್ಟು ಎಣ್ಣೆ? ಗೊತ್ತಿಲ್ಲ.
ಇನ್ನೂ ಮೂರು ಊರಲ್ಲಿ, ಮೂರು ವರ್ಷ ಬಿತ್ತಬೇಕು.

ಅಷ್ಟರಲ್ಲಿ ಪಡುವಣಕ್ಕೆ ಅಕಾಲದ ಮೋಡ.
ಭೀಮಶ್ಯಾ ಅಭ್ಯಾಸಬಲಕ್ಕೆ ಹಳಿಯತ್ತ ಓಡಿ
ಹಗ್ಗ ಹಿಡಿದು ಕೂಗಿದ:
"ಎಳೀಲ್ಯಾ, ಬಿಡ್ಲ್ಯಾ?"

ಬಿಡು, ಅಂದೆ.